ಲಾಂಛನದ ಕೂರ್ಮವೂ ತೊಟ್ಟಿಯ ಸೆರೆಯೂ

ಸಾಕಿದ ಆಮೆಯನ್ನು ಮನೆಯೊಳಗಿಡಬೇಕೋ, ಹೊರಗೆ ಅಂಗಳದಲ್ಲಿ ಬಿಡಬೇಕೋ ಎಂಬ ಚರ್ಚೆ ಶ್ರಾವಕರ ಮನೆಗಳಲ್ಲಿ ನಡೆಯುವುದೇ ಒಂದು ವಿಪರ್ಯಾಸ. ಇಪ್ಪತ್ತನೆಯ ತೀರ್ಥಂಕರರಾದ ಭಗವಾನ್ ಮುನಿಸುವ್ರತನಾಥರ ಲಾಂಛನ ಕೂರ್ಮ. ಜಿನಬಿಂಬದ ಪೀಠದಲ್ಲಿ ಆ ಚಿಹ್ನೆಯನ್ನು ಕಂಡು ಕೈಮುಗಿಯುವವರು ಮನೆಗೆ ಮರಳಿ, ಅದೇ ಜೀವಿ ಪ್ಲಾಸ್ಟಿಕ್ ತೊಟ್ಟಿಯ ಗೋಡೆಯನ್ನು ಕೆರೆಯುತ್ತಿರುವುದನ್ನು ನೋಡಿ "ಆಡುತ್ತಿದೆ" ಎಂದು ಸಂತೋಷಪಡುತ್ತಾರೆ. ಅದು ಹುಡುಕುತ್ತಿರುವುದು ಹೊರಹೋಗುವ ದಾರಿಯನ್ನು.

ಒಳಗಿಡಬೇಕೆನ್ನುವವರ ವಾದ ಕಲಬುರಗಿ ನಗರದ ಮನೆಗಳಿಗೆ ಒಗ್ಗುವಂಥದು. ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ವಾಡಿಕೆ. ಅಂಗಳದ ಶಹಾಬಾದ್ ಪರಸಿ ಮಧ್ಯಾಹ್ನಕ್ಕೆ ಕಾದ ಹಂಚಾಗುತ್ತದೆ. ಬೀದಿನಾಯಿಗಳ ಕಾಟ ಬೇರೆ. ಆದ್ದರಿಂದ ಒಳಕೋಣೆಯ ತಂಪೇ ಕ್ಷೇಮವೆಂದು ಅವರ ತರ್ಕ. ಹುಮನಾಬಾದ್ ಮಾರ್ಗದ ಕಮಲಾಪುರದ ಕಡೆ ಹೊಲ ತೋಟವುಳ್ಳವರು ಇದಕ್ಕೆ ನಗುತ್ತಾರೆ. ಕೆಂಪು ಬಾಳೆಗೆ ಹೆಸರಾದ ಆ ಊರಿನಲ್ಲಿ ನೆರಳಿದೆ, ತೇವವಿದೆ, ಮಣ್ಣಿದೆ. ತೋಟದಲ್ಲಿ ಬಿಟ್ಟರೆ ಆಮೆ ತನ್ನಷ್ಟಕ್ಕೆ ತಾನು ಬದುಕುತ್ತದೆ ಎಂಬುದು ಅವರ ನಂಬಿಕೆ.

ಪ್ರಾಣಿಯ ದೇಹಧರ್ಮವನ್ನಷ್ಟೇ ನೋಡಿದರೆ ತೋಟದವರ ಮಾತೇ ಸತ್ಯಕ್ಕೆ ಹತ್ತಿರ. ಆಮೆ ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿಲಿಗೂ ನೆರಳಿಗೂ ತಾನಾಗಿ ಸರಿದಾಡಿಯೇ ಅದನ್ನು ಹದಗೊಳಿಸಿಕೊಳ್ಳುತ್ತದೆ. ನೇರ ಬಿಸಿಲಿನ ಅತಿನೇರಳೆ ಕಿರಣ ಬೀಳದಿದ್ದರೆ ಅದರ ದೇಹದಲ್ಲಿ ಡಿ ಜೀವಸತ್ವ ಸಾಕಷ್ಟು ಆಗದು. ಅದಾಗದೆ ಸುಣ್ಣದಂಶ ಮೂಳೆಗೆ ಸೇರದು. ಕಿಟಕಿಯ ಗಾಜಿನ ಮೂಲಕ ಬರುವ ಬೆಳಕಿನಿಂದ ಈ ಪ್ರಯೋಜನವಿಲ್ಲ, ಏಕೆಂದರೆ ಗಾಜು ಆ ಕಿರಣಗಳನ್ನು ತಡೆಯುತ್ತದೆ. ಹೀಗೆ ಬೆಳೆದ ಆಮೆಯ ಚಿಪ್ಪು ಮೆತ್ತಗಾಗಿ ಡೊಂಕಾಗುತ್ತದೆ. ಚಿಪ್ಪೆಂದರೆ ಕಲ್ಲಿನ ಹೊದಿಕೆಯೆಂದು ಬಹುಜನರ ಗ್ರಹಿಕೆ. ಅದು ಬೆನ್ನುಮೂಳೆ ಪಕ್ಕೆಲುಬುಗಳು ಬೆಸೆದು ಆದ ಜೀವಂತ ಅಂಗ. ಮುಟ್ಟಿದರೆ ಅದಕ್ಕೆ ತಿಳಿಯುತ್ತದೆ, ತೂತು ಕೊರೆದು ತಂತಿ ಪೋಣಿಸಿದರೆ ನೋಯುತ್ತದೆ. ನುಣುಪಾದ ನೆಲದ ಮೇಲೆ ಅದರ ಕಾಲು ಜಾರುತ್ತದೆ. ಹೆಣ್ಣಾಮೆಗೆ ತೋಡಲು ಮಣ್ಣು ಸಿಗದಿದ್ದರೆ ಮೊಟ್ಟೆ ಒಡಲಲ್ಲೇ ಉಳಿದು ಪ್ರಾಣಕ್ಕೆ ಮುಳುವಾಗುವುದುಂಟು. ಮಕ್ಕಳು ಎತ್ತಿಕೊಂಡಾಗ ಅದು ತಲೆ ಕಾಲುಗಳನ್ನು ಒಳಗೆಳೆದುಕೊಳ್ಳುವುದನ್ನು ಧ್ಯಾನವೆನ್ನುವವರೂ ಇದ್ದಾರೆ. ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥೆಯಲ್ಲಿ ಅಂಗಗಳನ್ನು ಅಡಗಿಸಿಕೊಂಡು ನರಿಗಳಿಂದ ಪಾರಾದ ಆಮೆ ಇಂದ್ರಿಯಸಂಯಮಕ್ಕೆ ದೃಷ್ಟಾಂತವಾಗಿ ಬರುತ್ತದೆ, ನಿಜ. ಆದರೆ ಆ ಕಥೆಯಲ್ಲಿಯೂ ಆಮೆ ಅಡಗಿದ್ದು ಭಯದಿಂದ. ಈ ಮನೆಗಳಲ್ಲಿ ನರಿಯ ಪಾತ್ರ ಯಾರದೆಂದು ಆಲೋಚಿಸಬೇಕಾದವರು ಹಿರಿಯರು.

ಇಷ್ಟಾದರೂ ತೋಟದವರು ಗೆದ್ದರೆನ್ನುವಂತಿಲ್ಲ. ಒಳಗೋ ಹೊರಗೋ ಎಂದು ಕೇಳುವುದಕ್ಕೆ ಮುಂಚೆ, ಆ ಜೀವಿ ತಮ್ಮ ವಶಕ್ಕೆ ಹೇಗೆ ಬಂತೆಂಬ ಪ್ರಶ್ನೆಯನ್ನು ಇಬ್ಬರೂ ಜಾಣತನದಿಂದ ದಾಟಿಬಿಟ್ಟಿದ್ದಾರೆ.

ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ನಕ್ಷತ್ರ ಆಮೆ. ಇದು ಒಣನಾಡಿನ ಕುರುಚಲು ಕಾಡಿನ ಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿದ್ದ ಇದನ್ನು 2022ರ ತಿದ್ದುಪಡಿ ಒಂದನೆಯ ಅನುಸೂಚಿಗೇರಿಸಿತು. ಇದನ್ನು ಹಿಡಿದಿಟ್ಟವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸವೂ 25,000 ರೂಪಾಯಿಗೆ ಕಡಮೆಯಿಲ್ಲದ ದಂಡವೂ ವಿಧಿತ. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವೂ 2019ರಲ್ಲಿ ಇದನ್ನು ತನ್ನ ಮೊದಲ ಪಟ್ಟಿಗೆ ಸೇರಿಸಿತು. ಈ ಕಟ್ಟುನಿಟ್ಟಿಗೆ ಕಾರಣವುಂಟು. ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರಕ್ಕಾಗಿ ಒಂದು ವರ್ಷದಲ್ಲಿ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಕಾಡಿನಿಂದ ಕದ್ದು ತರಲಾಯಿತೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಗಳಲ್ಲಿ ಅಡಕಿ ಸಾಗಿಸುವಾಗ ಸಾಯುವವು ಎಷ್ಟೋ. ಮನೆಯ ತೊಟ್ಟಿಯಲ್ಲಿರುವ ಒಂದು ಆಮೆ ಆ ಹಾದಿಯಲ್ಲಿ ಬದುಕಿ ಬಂದದ್ದು.

"ನಾವು ಹಿಡಿಯಲಿಲ್ಲ, ಕೊಂಡೆವು ಅಷ್ಟೆ" ಎಂಬ ಸಮಾಧಾನ ಬೇರೆಯವರಿಗೆ ಸಲ್ಲಬಹುದು, ಜೈನರಿಗೆ ಸಲ್ಲದು. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು ಮೂರೂ ಆಸ್ರವಕ್ಕೆ ಬಾಗಿಲೆಂದು, ಕೃತ ಕಾರಿತ ಅನುಮೋದನೆಗಳೆಂಬ ಹೆಸರಿನಲ್ಲಿ, ಪಾಠಶಾಲೆಯ ಮಕ್ಕಳೂ ಕಲಿಯುತ್ತಾರೆ. ಹಣ ಕೊಟ್ಟವನು ಮಾಡಿಸಿದವನು. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೇಳುವಾಗ ಮೊದಲಿಗೆ ಬರುವುದು ಬಂಧ, ಅಂದರೆ ಜೀವಿಯನ್ನು ಕಟ್ಟಿಹಾಕುವುದು, ಕೊನೆಯದು ಅನ್ನಪಾನನಿರೋಧ. ಕಟ್ಟುವುದಕ್ಕೆ ಹಗ್ಗವೇ ಬೇಕೆಂದಿಲ್ಲ, ಹತ್ತಲಾರದ ತೊಟ್ಟಿಯ ಅಂಚು ಸಾಕು.

ಆಮೆ ಮನೆಯಲ್ಲಿದ್ದರೆ ಐಶ್ವರ್ಯ ಬರುವುದೆಂಬ ವಾಸ್ತುವಿನ ಮಾತಿಗೆ ಸಮಂತಭದ್ರಾಚಾರ್ಯರು ಲೋಕಮೂಢತೆಯ ವಿಷಯದಲ್ಲಿ ಹೇಳಿದ್ದೇ ಉತ್ತರ. ಪುಣ್ಯೋದಯವಿಲ್ಲದವನಿಗೆ ಆಮೆ ಏನನ್ನು ತಂದೀತು?

ಅನ್ನಪಾನದ ವಿಷಯವನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಇಲ್ಲಿಯೇ ಜೈನ ಗೃಹಸ್ಥನು ತಪ್ಪಿಸಿಕೊಳ್ಳಲಾರದ ಇಕ್ಕಟ್ಟಿದೆ. ನಕ್ಷತ್ರ ಆಮೆ ಹುಲ್ಲು ಸೊಪ್ಪು ತಿನ್ನುವಂಥದು. ಅದಕ್ಕೇ ಅದನ್ನು "ನಮ್ಮಂತೆ ಶಾಕಾಹಾರಿ" ಎಂದು ಮೆಚ್ಚಿ ತರುತ್ತಾರೆ. ತಂದ ಮೇಲೆ ಕೊಡುವುದು ಸವತೆಕಾಯಿ, ಅನ್ನ, ಬಾಳೆಹಣ್ಣು. ಕಮಲಾಪುರದ ಬಾಳೆಯ ಸಿಹಿ ಮನುಷ್ಯನಿಗೆ ಹಿತ. ನಾರಿನ ಹುಲ್ಲನ್ನು ನಂಬಿದ ಆಮೆಯ ಕರುಳಿಗೆ ದಿನವೂ ಹಣ್ಣೆಂದರೆ ಭೇದಿ. ಇನ್ನು ಅಕ್ವೇರಿಯಂ ಅಂಗಡಿಗಳಲ್ಲಿ ನಾಣ್ಯದಷ್ಟಗಲವಿದ್ದಾಗ ಮಾರುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಅಮೆರಿಕ ಮೂಲದ ನೀರಾಮೆ, ರೆಡ್ ಇಯರ್ಡ್ ಸ್ಲೈಡರ್. ಅದರ ಮರಿಗಳ ಮುಖ್ಯ ಆಹಾರ ಹುಳು, ಮೀನು. ಅಂಗಡಿಯವನು ಜತೆಗೆ ಕೊಡುವ ಡಬ್ಬಿಯಲ್ಲಿರುವುದು ಸಾಮಾನ್ಯವಾಗಿ ಒಣ ಸಿಗಡಿ. ಅದನ್ನು ತಂದು ಹಾಕಿದರೆ ಒಂದು ಜೀವವನ್ನು ಸಾಕಲು ನೂರು ಜೀವಗಳ ಬಲಿ. ಹಾಕದೆ ಚುರುಮುರಿ, ಬ್ರೆಡ್ಡುಗಳಲ್ಲಿ ಬೆಳೆಸಿದರೆ ಆ ಜೀವಕ್ಕೇ ಅನ್ನಪಾನನಿರೋಧ. ರಾತ್ರಿಭೋಜನವನ್ನು ತ್ಯಜಿಸಿದ, ಗಾಳಿಸಿದ ನೀರನ್ನೇ ಕುಡಿಯುವ ಮನೆಯ ಕಪಾಟಿನಲ್ಲಿ ಸಿಗಡಿಯ ಡಬ್ಬಿ! ಈ ಇಕ್ಕಟ್ಟಿಗೆ ಅಂಗಳವೂ ಪರಿಹಾರವಲ್ಲ, ಕೋಣೆಯೂ ಅಲ್ಲ. ಅದನ್ನು ಕೊಳ್ಳದಿರುವುದೊಂದೇ ದಾರಿ.

ನಾಣ್ಯದಷ್ಟಿದ್ದದ್ದು ಕೆಲವು ವರ್ಷಗಳಲ್ಲಿ ಊಟದ ತಟ್ಟೆಯಷ್ಟಾಗುತ್ತದೆ. ಅದನ್ನು ಬೇಡಿದ ಮಗು ಓದಿಗೆಂದು ಬೆಂಗಳೂರಿಗೋ ಪುಣೆಗೋ ಹೋಗಿರುತ್ತದೆ. ಆಗ ಮನೆಯವರಿಗೆ ಜೀವದಯೆ ನೆನಪಾಗುತ್ತದೆ. ಬಕೆಟ್ಟಿನಲ್ಲಿಟ್ಟುಕೊಂಡು ಹೋಗಿ ಕೆರೆಗೋ, ಬಸದಿಯ ಕೊಳಕ್ಕೋ ಬಿಟ್ಟು, ಅಭಯದಾನ ಮಾಡಿದೆವೆಂದು ಹಗುರಾಗುತ್ತಾರೆ. ಆ ಅಭಯ ಯಾರಿಗೆ? ಪ್ರಪಂಚದ ಅತ್ಯಂತ ಹಾನಿಕರ ಆಕ್ರಮಣಕಾರಿ ಜೀವಿಗಳ ನೂರರ ಪಟ್ಟಿಯಲ್ಲಿ ಈ ಆಮೆಯೂ ಸೇರಿದೆ. ಸ್ಥಳೀಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಎಡೆಯನ್ನೂ ಕಸಿದು ಅವುಗಳಿಗೆ ರೋಗ ಹಚ್ಚುತ್ತದೆ. ಗುವಾಹಟಿಯ ಉಗ್ರತಾರಾ ದೇವಾಲಯದ ಕೊಳದಲ್ಲಿ ಇದು ಸಿಕ್ಕಿದ್ದು ಇಂಥ ಭಕ್ತಿಯಿಂದಲೇ ಇರಬೇಕು. ಕೊಂಡು ಬಿಡುವ ಪುಣ್ಯಕಾರ್ಯಕ್ಕೂ ಇದೇ ಮಾತು ಅನ್ವಯ: ಪರ್ವದಿನದಂದು ಮಾರಾಟಗಾರನಿಂದ ಹತ್ತು ಆಮೆ ಕೊಂಡು ನೀರಿಗೆ ಬಿಟ್ಟರೆ, ಮುಂದಿನ ಪರ್ವಕ್ಕೆ ಅವನು ಇಪ್ಪತ್ತನ್ನು ಹಿಡಿಸಿ ತರುತ್ತಾನೆ. ನಕ್ಷತ್ರ ಆಮೆಯಂತೂ ನೆಲದ ಜೀವಿ. ಅದಕ್ಕೆ ಈಜು ಬಾರದು, ಕೊಳಕ್ಕೆ ಹಾಕಿದರೆ ಮುಳುಗಿ ಸಾಯುತ್ತದೆ.

ಬಿಡುಗಡೆಗೂ ಒಂದು ಕ್ರಮವಿದೆ. ಸಿಂಗಾಪುರದಲ್ಲಿ ವಶಪಡಿಸಿಕೊಂಡಿದ್ದ 51 ನಕ್ಷತ್ರ ಆಮೆಗಳನ್ನು 2018ರಲ್ಲಿ ಕರ್ನಾಟಕಕ್ಕೆ ಮರಳಿಸಿದಾಗ, ಅವುಗಳನ್ನು ವಿಮಾನದಿಂದಿಳಿಸಿ ಕಾಡಿಗೆ ಸುರಿಯಲಿಲ್ಲ. ಪ್ರತ್ಯೇಕವಾಗಿಟ್ಟು ಆರೋಗ್ಯವನ್ನು ಪರೀಕ್ಷಿಸುವುದು ಆ ಕಾರ್ಯದ ಅಂಗವಾಗಿತ್ತು. ಮನೆಯ ಆಮೆಯನ್ನು ಚಿಂಚೋಳಿಯ ಅಭಯಾರಣ್ಯದಲ್ಲಿ ಗುಟ್ಟಾಗಿ ಬಿಟ್ಟುಬರುವ ಆಲೋಚನೆಯೂ ಆದ್ದರಿಂದ ಕೂಡದು.

ಹಾಗಾದರೆ ಈಗಾಗಲೇ ಮನೆಯಲ್ಲಿರುವುದಕ್ಕೆ ಏನು ಗತಿ? ನಕ್ಷತ್ರ ಆಮೆಯಾಗಲಿ, ಕೆರೆಕಾಲುವೆಯಿಂದ ಹಿಡಿದು ತಂದ ನಾಡಿನ ಯಾವುದೇ ಆಮೆಯಾಗಲಿ, ಅರಣ್ಯ ಇಲಾಖೆಗೆ ಒಪ್ಪಿಸಬೇಕು. 1926 ಸಂಖ್ಯೆಯ ಸಹಾಯವಾಣಿ ಇದೆ. ಒಪ್ಪಿಸುವವರೆಗಿನ ದಿನಗಳಿಗೆ ಅದರ ತಾವು ಹೊರಗೆ: ಮಣ್ಣಿನ ನೆಲ, ಗಿಡದ ನೆರಳು, ಎಳೆಬಿಸಿಲು, ಕಾಲು ನೆನೆಯುವಷ್ಟು ನೀರು, ನಾಯಿ ನುಗ್ಗದ ಬೇಲಿ. ಉರಿಬಿಸಿಲಿನ ಹೊತ್ತಿಗೂ ಚಳಿಯ ರಾತ್ರಿಗೂ ಮಾತ್ರ ಒಳಗೆ. ಕೆಂಪು ಪಟ್ಟೆಯ ಪರದೇಶಿ ಆಮೆಯನ್ನು ಬಿಡುವಂತೆಯೇ ಇಲ್ಲ. ಹಿತ್ತಿಲಲ್ಲಿ ಸುತ್ತ ಬಂದೋಬಸ್ತಾದ ಕೊಳ ಕಟ್ಟಿ, ಏರಿ ಕೂರಲು ಕಲ್ಲಿಟ್ಟು, ಅದರ ಆಯುಸ್ಸು ಮುಗಿಯುವವರೆಗೆ ನೋಡಿಕೊಳ್ಳಬೇಕು. ಆಹಾರದ ಇಕ್ಕಟ್ಟಿಗೆ ಪಶುವೈದ್ಯರನ್ನು ಕೇಳಲಿ. ಬೆಳೆದದ್ದು ಜಲಸಸ್ಯಗಳನ್ನೂ ಸೊಪ್ಪನ್ನೂ ಹೆಚ್ಚಾಗಿ ತಿನ್ನುತ್ತದೆಂಬುದೊಂದು ಚಿಕ್ಕ ಸಮಾಧಾನ. ಎರಡನೆಯದೊಂದನ್ನು ಜೊತೆಗೆಂದು ತರಕೂಡದು.

ಬಸದಿಗಳ ಆಡಳಿತ ಮಂಡಳಿಗಳಿಗೆ ಇದಕ್ಕಿಂತ ಸುಲಭದ ಕೆಲಸವಿದೆ. ಕೊಳದ ಬಳಿ ಆಮೆ ಮೀನುಗಳನ್ನು ತಂದು ಬಿಡಬಾರದೆಂದು ಫಲಕ ಹಾಕಬಹುದು. ಯಾರಾದರೂ ತಂದರೆ ಅರ್ಚಕರು ಸ್ವೀಕರಿಸದಂತೆ ತಿಳಿಸಬಹುದು. ಜೀವದಯಾ ನಿಧಿಯ ಲೆಕ್ಕಪುಸ್ತಕದಲ್ಲಿ ಪ್ರಾಣಿಗಳನ್ನು ಕೊಂಡದ್ದಕ್ಕೆಂದು ಬರೆದ ಖರ್ಚಿದ್ದರೆ, ಮುಂದಿನ ಸಾಮಾನ್ಯ ಸಭೆಯಲ್ಲಿ ಆ ಬಾಬನ್ನು ತೆಗೆದು, ಅಷ್ಟೇ ಹಣವನ್ನು ಗೋಶಾಲೆಯ ಮೇವಿಗೋ, ಬೇಸಗೆಯಲ್ಲಿ ಹಕ್ಕಿಗಳ ನೀರಿಗೋ ಬರೆಯಬಹುದು.