ಕ್ಷಯ: ದೇಹ ಕಟ್ಟುವ ಗೋಡೆ

ಸಾಂಗ್ಲಿಗೂ ಮಿರಜಿಗೂ ನಡುವೆ ವಾನ್ಲೆಸ್‌ವಾಡಿ ಎಂಬ ಸ್ಥಳವಿದೆ. ಅಥಣಿ, ಕಾಗವಾಡ, ಜಮಖಂಡಿ, ಚಿಕ್ಕೋಡಿ ಕಡೆಯಿಂದ ‘ಮಿರಜ ದವಾಖಾನಿ’ಗೆ ಹೋಗಿಬಂದ ಹಿರಿಯರಿಗೆ ಈ ಹೆಸರು ಹೊಸದಲ್ಲ. ಕೆನಡಾದಲ್ಲಿ ಹುಟ್ಟಿ, 1889ರಲ್ಲಿ ಭಾರತಕ್ಕೆ ಬಂದ ಪ್ರೆಸ್ಬಿಟೇರಿಯನ್ ಮಿಷನ್ ವೈದ್ಯ ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದರು. ಅವರ ಹೆಸರಿನ ಕ್ಷಯರೋಗ ಆರೋಗ್ಯಧಾಮ ಇದ್ದದ್ದು ಈ ವಾನ್ಲೆಸ್‌ವಾಡಿಯಲ್ಲಿ.

ಓದುಗ ಬಾಂಧವರೇ, ಒಂದು ವಿಷಯ ಗಮನಿಸಬೇಕು. ಕ್ಷಯಕ್ಕೆ ನಾಟುವ ಮೊದಲ ಔಷಧ ಸ್ಟ್ರೆಪ್ಟೋಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಅದಕ್ಕೂ ಮುಂಚಿನ ಆರೋಗ್ಯಧಾಮಗಳಲ್ಲಿ ರೋಗಿಗೆ ಕೊಡುತ್ತಿದ್ದುದು ಒಳ್ಳೆಯ ಗಾಳಿ, ವಿಶ್ರಾಂತಿ, ಹೊಟ್ಟೆತುಂಬ ಪುಷ್ಟಿಯ ಊಟ. ಇಷ್ಟರಿಂದಲೇ ಕೆಲವರು ಗುಣವಾಗಿ ಮನೆಗೆ ಮರಳಿದ್ದೂ ಉಂಟು, ಹಲವರು ಮರಳದೇ ಹೋದದ್ದೂ ಉಂಟು. ಗುಣವಾದವರನ್ನು ಗುಣಪಡಿಸಿದ್ದು ಯಾವುದು? ಅವರ ದೇಹವೇ.

ಕ್ಷಯದ ರೋಗಾಣು ಕೆಮ್ಮಿನ ಸಣ್ಣ ಹನಿಗಳ ಮೂಲಕ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿ ಕಾವಲಿರುವ ದೊಡ್ಡ ಭಕ್ಷಕ ಕಣಗಳು ಅದನ್ನು ನುಂಗಿಬಿಡುತ್ತವೆ. ಬೇರೆ ರೋಗಾಣುವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇದಕ್ಕೆ ಮೇಣದಂಥ ದಪ್ಪ ಹೊದಿಕೆಯಿದೆ. ನುಂಗಿದ ಕಣದ ಹೊಟ್ಟೆಯೊಳಗೇ ಅರಗದೆ ಕುಳಿತು, ನಿಧಾನವಾಗಿ ಸಂಸಾರ ಬೆಳೆಸುತ್ತದೆ. ಕೆಲವು ವಾರಗಳಲ್ಲಿ ‘ಟಿ’ ಜೀವಕಣಗಳೆಂಬ ಬಿಳಿ ರಕ್ತಕಣಗಳು ಸುದ್ದಿ ತಿಳಿದು ಬರುತ್ತವೆ. ಅವು ಭಕ್ಷಕ ಕಣಗಳಿಗೆ ಬಲ ತುಂಬಿ, ಎಲ್ಲವೂ ಸೇರಿ ರೋಗಾಣುವಿನ ಸುತ್ತ ಗಂಟಿನಂತೆ ಗೋಡೆ ಕಟ್ಟುತ್ತವೆ. ಕೊಲ್ಲಲಾಗದ ಶತ್ರುವನ್ನು ಕೂಡಿಹಾಕುವುದು, ಇದು ದೇಹದ ಉಪಾಯ. ಸೋಂಕು ತಗಲಿದ 100 ಮಂದಿಯಲ್ಲಿ 90ಕ್ಕೂ ಹೆಚ್ಚು ಜನರಲ್ಲಿ ಈ ಗೋಡೆ ಬದುಕಿನುದ್ದಕ್ಕೂ ನಿಲ್ಲುತ್ತದೆ. ಅವರಿಗೆ ಕಾಯಿಲೆಯಿಲ್ಲ, ಅವರಿಂದ ಯಾರಿಗೂ ಹರಡುವುದೂ ಇಲ್ಲ. ಉಳಿದವರಲ್ಲಿ ಗೋಡೆ ಸಡಿಲವಾಗುತ್ತದೆ. ಅರೆಹೊಟ್ಟೆ, ಸಕ್ಕರೆ ಕಾಯಿಲೆ, ಎಚ್.ಐ.ವಿ., ಕುಡಿತ, ಬೀಡಿ ಸಿಗರೇಟು, ಮುಪ್ಪು ಇವೆಲ್ಲ ಅದರ ಇಟ್ಟಿಗೆ ಕೀಳುವ ಕೈಗಳು. ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯನ್ನು ಈ ಪಟ್ಟಿಯಲ್ಲಿ ಸೇರಿಸಿ ನೋಡುವವರು ಕಡಿಮೆ. ಸೇರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಪರೀಕ್ಷೆಗಳ ಮಾತು. ಮುಂಗೈಯ ಚರ್ಮದೊಳಗೆ ಸಣ್ಣ ಸೂಜಿಮದ್ದು ಕೊಟ್ಟು, ಎರಡು ಮೂರು ದಿನ ಬಿಟ್ಟು ಊತವನ್ನು ಅಳೆಯುವ ಮಾಂಟೂ ಪರೀಕ್ಷೆ ಹಲವರಿಗೆ ಗೊತ್ತು. ಅದು ಹೇಳುವುದು ಇಷ್ಟೇ: ಈ ದೇಹದ ಸೈನಿಕರು ರೋಗಾಣುವನ್ನು ಹಿಂದೆ ಕಂಡಿದ್ದಾರೆ. ಕಾಯಿಲೆ ಇದೆಯೇ ಇಲ್ಲವೇ ಎಂಬುದನ್ನು ಅದೊಂದೇ ಹೇಳಲಾರದು. ಕಾಯಿಲೆಯನ್ನು ಹಿಡಿಯಲು ರೋಗಾಣುವನ್ನೇ ಕಾಣಬೇಕು. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಈ ರೋಗಾಣುವಿನ ಪತ್ತೆಯನ್ನು ಸಾರಿದರು. ಕಫವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಕೆಂಪು ಬಣ್ಣ ಹಾಕಿ ಕಾಯಿಸಿ, ಆಮ್ಲದಿಂದ ತೊಳೆದರೆ ಮಿಕ್ಕೆಲ್ಲದರ ಬಣ್ಣ ಹೋದರೂ ಮೇಣದ ಹೊದಿಕೆಯ ಈ ರೋಗಾಣು ಕೆಂಪಾಗಿಯೇ ಉಳಿಯುತ್ತದೆ. ಅದನ್ನು ಕಾಪಾಡಿದ ಹೊದಿಕೆಯೇ ಅದನ್ನು ಹಿಡಿದುಕೊಡುತ್ತದೆ! ಆದರೆ ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 10,000 ರೋಗಾಣುಗಳಾದರೂ ಬೇಕು. ಆದ್ದರಿಂದ ಡಬ್ಬಿಗೆ ಉಗುಳು ಹಾಕಿ ಕೊಟ್ಟರೆ ಪ್ರಯೋಜನವಿಲ್ಲ. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫವೇ ಬೇಕು. ಕಫದಿಂದ ರೋಗಾಣುವನ್ನು ಬೆಳೆಸಿ ನೋಡುವ ವಿಧಾನ ಇನ್ನೂ ಸೂಕ್ಷ್ಮ, ಆದರೆ ವಾರಗಟ್ಟಲೆ ಕಾಯಬೇಕು.

ಈಗ ರೋಗಾಣುವಿನ ವಂಶಧಾತುವನ್ನೇ ಹುಡುಕುವ ಯಂತ್ರಗಳಿವೆ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ, ನಮ್ಮಲ್ಲಿ ಸಿಬಿನ್ಯಾಟ್ ಎಂದು ಕರೆಯುವ ಯಂತ್ರ ಎರಡು ಗಂಟೆಯೊಳಗೆ ಉತ್ತರ ಕೊಡುತ್ತದೆ. ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಬಗ್ಗುತ್ತದೆಯೇ ಎಂಬುದನ್ನೂ ತಿಳಿಸುತ್ತದೆ. 2020ರ ಮಾರ್ಚ್‌ನಲ್ಲಿ ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರದಲ್ಲಿ ಒಂದೇ ಕುಟುಂಬದ ನಾಲ್ವರಲ್ಲಿ ಕೋವಿಡ್ ಕಂಡುಬಂದದ್ದು, ಮುಂದೆ ಮಿರಜಿನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲೇ ಪ್ರಯೋಗಾಲಯ ತೆರೆದದ್ದು ಓದುಗರಿಗೆ ನೆನಪಿರಬಹುದು. ಅಲ್ಲಿ ವೈರಾಣುವನ್ನು ಹುಡುಕಿದ್ದೂ ಇದೇ ತತ್ತ್ವದ ಮೇಲೆ.

ಒಂದು ಎಚ್ಚರಿಕೆ. ರಕ್ತದಲ್ಲಿನ ಪ್ರತಿಕಾಯಗಳನ್ನು ನೋಡಿ ‘ಟಿ.ಬಿ. ಇದೆ’ ಎನ್ನುವ ಪರೀಕ್ಷೆಗಳಿಗೆ ಎಷ್ಟೋ ಬಡ ಕುಟುಂಬಗಳು ದುಡ್ಡು ಸುರಿದಿವೆ. ಕ್ಷಯದ ವಿಷಯದಲ್ಲಿ ಪ್ರತಿಕಾಯಗಳ ಸಾಕ್ಷಿ ನಂಬುವಂಥದ್ದಲ್ಲ. ಇಲ್ಲದ ಕಾಯಿಲೆ ಇದೆಯೆಂದೂ, ಇರುವುದನ್ನು ಇಲ್ಲವೆಂದೂ ಹೇಳುತ್ತದೆ. ಭಾರತ ಸರಕಾರ 2012ರಲ್ಲಿ ಇವನ್ನು ನಿಷೇಧಿಸಿತು.

ಪರೀಕ್ಷೆಗಿಂತ ಕಷ್ಟದ್ದು ಮನೆಯೊಳಗಿನ ಗುಟ್ಟು. ಮಗಳಿಗೆ ಸಂಬಂಧ ಕೂಡಿಬರುವುದಿಲ್ಲವೆಂದು ಕೆಮ್ಮನ್ನು ಮುಚ್ಚಿಡುತ್ತಾರೆ. ಅತ್ತೆಯ ತಟ್ಟೆ, ಲೋಟ ಬೇರೆಯಾಗುತ್ತವೆ. ತಟ್ಟೆ ಲೋಟದಿಂದ ಕ್ಷಯ ಹರಡುವುದಿಲ್ಲ, ಗಾಳಿಯಿಂದ ಹರಡುತ್ತದೆ. ಬೇಕಾದದ್ದು ತೆರೆದ ಕಿಟಕಿ, ಕೆಮ್ಮುವಾಗ ಬಾಯಿಗೆ ಬಟ್ಟೆ. ಮನೆಯಿಂದ ದೂರವಿಡುವ ಅಗತ್ಯವೂ ಇಲ್ಲವೆಂದು ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಅಧ್ಯಯನ ತೋರಿಸಿತು. ಇಕ್ಕಟ್ಟಾದ ಬಡ ಮನೆಗಳಲ್ಲಿದ್ದು ಮಾತ್ರೆ ನುಂಗಿದವರು ಆರೋಗ್ಯಧಾಮದಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾದರು. ವಾನ್ಲೆಸ್‌ವಾಡಿಯಂಥ ಆರೋಗ್ಯಧಾಮಗಳ ಕಾಲ ಮುಗಿಯಲು ಇದೂ ಒಂದು ಕಾರಣ.

ಆದರೆ ಮಾತ್ರೆಯನ್ನು ಪೂರ್ತಿ ನುಂಗಬೇಕು. ಎರಡು ತಿಂಗಳಲ್ಲಿ ಕೆಮ್ಮು ನಿಂತು, ಮೈ ತುಂಬಿಕೊಂಡು, ಕಬ್ಬಿನ ಕೆಲಸಕ್ಕೆ ಕರೆ ಬಂದಾಗ ಮಾತ್ರೆ ನಿಂತುಬಿಡುತ್ತದೆ. ಚುರುಕಾಗಿ ಬೆಳೆಯುತ್ತಿದ್ದ ರೋಗಾಣುಗಳು ಅಷ್ಟರಲ್ಲಿ ಸತ್ತಿರುತ್ತವೆ, ನಿಜ. ನಿದ್ದೆಯಲ್ಲಿರುವವು ಉಳಿದಿರುತ್ತವೆ. ಅವುಗಳಿಗಾಗಿಯೇ ಉಳಿದ ನಾಲ್ಕು ತಿಂಗಳು. ನಡುವೆ ಬಿಟ್ಟವರಲ್ಲಿ ಔಷಧಕ್ಕೆ ಬಗ್ಗದ ಕ್ಷಯ ಹುಟ್ಟಿದರೆ, ಅದು ಮನೆಯ ಮಕ್ಕಳಿಗೂ ಅದೇ ರೂಪದಲ್ಲಿ ದಾಟುತ್ತದೆ.

ಹಳೆಯ ಆರೋಗ್ಯಧಾಮದ ಊಟದ ಮಾತಿಗೂ ಈಗ ಲೆಕ್ಕ ಸಿಕ್ಕಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ದಿನಸಿ ಕೊಟ್ಟು ನೋಡಿತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಯಿತು. ಊಟಕ್ಕೆಂದು ಸರಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆಯ ಅವಧಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ಎರಡು ವಾರ ಮೀರಿದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಮಾತ್ರೆಯೂ ಉಚಿತ. ಹೋಗುವಾಗ ಬ್ಯಾಂಕ್ ಪಾಸ್‌ಬುಕ್ಕನ್ನೂ ಕೈಯಲ್ಲಿ ಹಿಡಿದುಕೊಳ್ಳಿ.