ಜೀವಕೋಶದ ಅಸಹಕಾರ

ವೈರಸು ಜೀವಕೋಶವನ್ನು ಹೊಕ್ಕಿತು, ತನ್ನ ಅಸಂಖ್ಯ ಪ್ರತಿಗಳನ್ನು ಮಾಡಿಸಿಕೊಂಡಿತು, ಕೋಶವು ಸತ್ತಿತು. ವೈರಸನ್ನು ಕುರಿತ ಪಾಠ ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತದೆ. ಈ ಕಥೆಯಲ್ಲಿ ಕೋಶವು ಬಾಗಿಲು ತೆರೆದಿಟ್ಟ ಬರಿಯ ಮನೆ. ಇದು ಅರ್ಧ ಸತ್ಯವೆಂದೂ ಉಳಿದರ್ಧವನ್ನು ಕಲಿಸದೆ ಬಿಡುವುದು ದೊಡ್ಡ ನಷ್ಟವೆಂದೂ ನಮ್ಮ ಅಭಿಪ್ರಾಯ.

ಪ್ರೋಟೀನು ತಯಾರಿಸುವ ಸಾಧನ ವೈರಸಿನಲ್ಲಿಲ್ಲ. ಅದು ಕೋಶದ ರೈಬೋಸೋಮುಗಳನ್ನೇ ಆಶ್ರಯಿಸಬೇಕು. ಕೋಶದ ರಕ್ಷಣೋಪಾಯವೂ ಇಲ್ಲಿಂದಲೇ ಹೊರಡುತ್ತದೆ. ಅನೇಕ ವೈರಸುಗಳು ವೃದ್ಧಿಯಾಗುವಾಗ ಜೋಡಿ ಎಳೆಯ ಉದ್ದವಾದ ಆರ್‌ಎನ್‌ಎ ಉಂಟಾಗುತ್ತದೆ. ಆರೋಗ್ಯವಾದ ಕೋಶದಲ್ಲಿ ಇದು ವಿರಳ. ಪಿಕೆಆರ್ ಎಂಬ ಕಿಣ್ವವು ಅದನ್ನು ಗುರುತಿಸಿ, ಪ್ರೋಟೀನು ತಯಾರಿಕೆಯನ್ನು ಆರಂಭಿಸುವ ಇಐಎಫ್-2 ಎಂಬ ಅಂಶಕ್ಕೆ ಒಂದು ಫಾಸ್ಫೇಟನ್ನು ಅಂಟಿಸುತ್ತದೆ. ಅಷ್ಟರಿಂದಲೇ ತಯಾರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ತಾನೂ ಉಪವಾಸವಿದ್ದು ಕರೆಯದೆ ಬಂದ ಅತಿಥಿಯನ್ನೂ ಉಪವಾಸ ಕೆಡಹುವ ಈ ಕ್ರಮವನ್ನು ಅಸಹಕಾರವೆನ್ನದೆ ಮತ್ತೇನೆನ್ನೋಣ?

ವೈರಸುಗಳೂ ಸುಮ್ಮನಿರುವುದಿಲ್ಲ. ಇನ್‌ಫ್ಲುಯೆಂಜ ವೈರಸಿನ ಎನ್‌ಎಸ್-1 ಪ್ರೋಟೀನು ಪಿಕೆಆರ್ ಎಚ್ಚರಗೊಳ್ಳದಂತೆ ತಡೆಯುತ್ತದೆ. ತಯಾರಿಕೆ ನಿಂತಾಗ ಕೋಶದಲ್ಲಿ ಕಟ್ಟಿಕೊಳ್ಳುವ ಒತ್ತಡಕಣಗಳಿಗೆ ಆಧಾರವಾದ ಪ್ರೋಟೀನನ್ನು ಪೋಲಿಯೋ ವೈರಸಿನ ಕಿಣ್ವವು ಕತ್ತರಿಸುತ್ತದೆ. ಹರ್ಪಿಸ್ ಸಿಂಪ್ಲೆಕ್ಸ್ ವೈರಸಿನ ಐಸಿಪಿ-34.5 ಎಂಬ ಪ್ರೋಟೀನು ಕೋಶದ್ದೇ ಆದ ಇನ್ನೊಂದು ಕಿಣ್ವವನ್ನು ಕರೆತಂದು, ಅಂಟಿದ ಆ ಫಾಸ್ಫೇಟನ್ನು ತೆಗೆಸಿಹಾಕುತ್ತದೆ.

‘ಇದನ್ನು ತಿಳಿದು ಆಗುವುದೇನು?’ ಎಂದು ಕೇಳುವವರುಂಟು. ಐಸಿಪಿ-34.5ರ ಜೀನನ್ನು ತೆಗೆದ ಹರ್ಪಿಸ್ ವೈರಸು ಆರೋಗ್ಯವಾದ ಕೋಶಗಳಲ್ಲಿ ಸರಿಯಾಗಿ ಬೆಳೆಯಲಾರದು. ಆದರೆ ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಈ ಕಾವಲು ದುರ್ಬಲವಾಗಿರುವುದರಿಂದ, ಅಲ್ಲಿ ಅದು ಬೆಳೆದು ಅವನ್ನು ಕೊಲ್ಲಬಲ್ಲದು. ಇದಕ್ಕೆ ಇನ್ನು ಕೆಲವು ಮಾರ್ಪಾಡುಗಳನ್ನು ಸೇರಿಸಿ ರೂಪಿಸಿದ ಟಿ-ವೆಕ್ ಎಂಬ ಔಷಧಕ್ಕೆ, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಚಿಕಿತ್ಸೆಗಾಗಿ, 2015ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಅದು ಎಲ್ಲ ರೋಗಿಗಳನ್ನೂ ಗುಣಪಡಿಸದು, ನಿಜ. ಆದರೆ ವೈರಸಿನ ತಂತ್ರವನ್ನು ಅರಿಯದೆ ಅದು ಹುಟ್ಟುವಂತೆಯೇ ಇರಲಿಲ್ಲ.

ಪಾಠಪಟ್ಟಿ ಈಗಲೇ ಭಾರವಾಗಿದೆಯೆಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಹತ್ತು ರೋಗಗಳ ಹೆಸರನ್ನು ಕೈಬಿಟ್ಟು, ‘ಕೋಶಕ್ಕೆ ಗೊತ್ತಾಗುವುದು ಹೇಗೆ? ವೈರಸು ಅದನ್ನು ವಂಚಿಸುವುದು ಹೇಗೆ?’ ಎಂಬೆರಡು ಪ್ರಶ್ನೆಗಳನ್ನು ಇಟ್ಟರೆ ಭಾರ ಹೆಚ್ಚದು. ಹೆಸರುಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಇಂಥ ಔಷಧ ಪವಾಡವಾಗಿ ಕಂಡೀತು. ಕಾರಣವನ್ನು ಅರಿತವನು ಮುಂದಿನದನ್ನು ತಾನೇ ಊಹಿಸಬಲ್ಲನು.