ಹತ್ತನೆಯ ತರಗತಿಯಿಂದ ಹೊರಬಿದ್ದ ಮೀನು



"ರಾಜಾಜಿನಗರದ ಮಕ್ಕಳಿಗೆ ಹತ್ತು ಕೋಟಿ ವರ್ಷ ಹಿಂದಿನ ಮೀನಿನ ಗೊಡವೆ ಏಕೆ?" ಎಂದು ಬಂಧುಗಳೊಬ್ಬರು ಕೇಳಿದ್ದಾರೆ. 2023ರಲ್ಲಿ ಎನ್‌ಸಿಇಆರ್‌ಟಿಯು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸವನ್ನೂ ಅದರೊಡನಿದ್ದ ಪಳೆಯುಳಿಕೆಗಳ ಭಾಗವನ್ನೂ ತೆಗೆದುಹಾಕಿದ್ದನ್ನು ನಾನು ಖಂಡಿಸಿದ್ದಕ್ಕೆ ಬಂದ ಮಾತು ಇದು.

ಗೊಡವೆ ಇದೆ. ನಮ್ಮ ಬಡಾವಣೆಯ ನೆಲದಡಿ ಇರುವುದು ನೈಸ್ ಶಿಲೆ, ಲಾಲ್‌ಬಾಗಿನ ಬಂಡೆಯ ಬಳಗದ್ದು. ವಯಸ್ಸು ಸುಮಾರು 300 ಕೋಟಿ ವರ್ಷ. ಮೀನುಗಳು ತಲೆದೋರಿದ್ದು 50 ಕೋಟಿ ವರ್ಷಗಳ ಆಸುಪಾಸಿನಲ್ಲಿ. ಆದ್ದರಿಂದ ಪಾತಾಳದವರೆಗೆ ಪಾಯ ತೋಡಿದರೂ ಈ ಬಂಡೆಯಲ್ಲಿ ಮೀನು ಸಿಗದು. ಏಕೆ ಸಿಗದು ಎಂಬುದನ್ನು ಹೇಳಿಕೊಡುವ ಪಾಠವನ್ನೇ ಕಿತ್ತುಹಾಕಿದ್ದಾರೆ.

ಒಂದು ದಿನದ ಬಸ್ ಪ್ರಯಾಣದಷ್ಟು ದೂರದ ಅರಿಯಲೂರು ಸೀಮೆಯ ಕತೆ ಬೇರೆ. ಕ್ರಿಟೇಶಿಯಸ್ ಯುಗದಲ್ಲಿ ಅಲ್ಲಿ ಕಡಲಿತ್ತು. (ಅಲ್ಲಿಯ ಸುಣ್ಣಕಲ್ಲನ್ನು ಸಿಮೆಂಟಿಗೆಂದು ಅಗೆಯುತ್ತಾರೆ. ಆ ಕಡಲಿನ ಚಿಪ್ಪು ನಮ್ಮ ತಾರಸಿಯಲ್ಲೂ ಬೆರೆತಿದ್ದರೆ ಆಶ್ಚರ್ಯವಿಲ್ಲ!) ಆ ಪ್ರದೇಶದ ಕಾರೈ ಶಿಲಾಸ್ತರದಲ್ಲಿ ದೊರೆತ ಶಾರ್ಕ್ ಹಲ್ಲುಗಳ ವಿವರಣೆ 2011ರಲ್ಲಿ ಪ್ರಕಟವಾಯಿತು. ಅವುಗಳಲ್ಲೊಂದಕ್ಕೆ ದಕ್ಷಿಣ ಭಾರತದ ಹೆಸರನ್ನೇ ಇಟ್ಟು ಡ್ವಾರ್ಡಿಯಸ್ ಸುಡಿಂಡಿಕಸ್ ಎಂದು ಕರೆದರು. ಮತ್ತೊಂದು ಟೈಕೋಡಸ್.

ಈ ಟೈಕೋಡಸ್ ಎಂಬ ಕುಲ ಅಳಿದು ಏಳು ಕೋಟಿ ವರ್ಷಗಳಿಗೂ ಮೀರಿತು. 1830ರ ದಶಕದಲ್ಲಿ ಲೂಯಿ ಅಗಾಸಿ ಅದಕ್ಕೆ ಹೆಸರಿಟ್ಟಾಗ ಕೈಯಲ್ಲಿದ್ದದ್ದು ಹಲ್ಲುಗಳು ಮಾತ್ರ. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದು, ಕಲ್ಲಾಗಿ ಉಳಿಯುವುದು ಅಪರೂಪ. ಬೀಸುವ ಕಲ್ಲಿಗೆ ಕಚ್ಚು ಹಾಕಿದಂತೆ ಮಡಿಕೆ ಮಡಿಕೆಯಾಗಿ, ಸಾಲುಸಾಲಾಗಿ ಜೋಡಿಸಿದ ಹಲ್ಲುಗಳು. ಇದು ಕಡಲ ತಳದಲ್ಲಿ ಚಿಪ್ಪುಗಳನ್ನು ಅರೆದು ತಿನ್ನುತ್ತಿದ್ದ ಜಡಜೀವಿಯಿರಬೇಕೆಂದು ವಿದ್ವಾಂಸರು ಬಹುಕಾಲ ಊಹಿಸಿದ್ದರು. 2024ರಲ್ಲಿ ಮೆಕ್ಸಿಕೋದ ವಾಯೆಸಿಯೋದಲ್ಲಿ ದೊರೆತ ಇಡೀ ದೇಹದ ಪಳೆಯುಳಿಕೆಗಳ ವಿವರ ಹೊರಬಂದಿತು. ನೋಡಿದರೆ ಅದು ತೆರೆಗಡಲಿನಲ್ಲಿ ವೇಗವಾಗಿ ಈಜುತ್ತಿದ್ದ ಬೇಟೆಗಾರ! ಸುಮಾರು ಎರಡು ಶತಮಾನಗಳ ಊಹೆಯನ್ನು ಒಂದು ಕಲ್ಲುಗಣಿ ತಿದ್ದಿತು.

ಪಠ್ಯಭಾರ ಇಳಿಸಿದೆವು ಎಂಬುದು ಸಮರ್ಥನೆ. ಒಪ್ಪತಕ್ಕ ಮಾತಲ್ಲ. ಸೂತ್ರಗಳ ಬಾಯಿಪಾಠ ಭಾರವಾಗಲಿಲ್ಲ, ಸಾಕ್ಷ್ಯ ಕಂಡಾಗ ಊಹೆಯನ್ನು ತಿದ್ದಿಕೊಳ್ಳುವ ಪಾಠ ಭಾರವಾಯಿತೇ? ಹನ್ನೆರಡನೆಯ ತರಗತಿಯಲ್ಲಿ ಇದೆಯಲ್ಲ ಎನ್ನುವವರಿದ್ದಾರೆ. ಅಲ್ಲಿ ಅದನ್ನು ಓದುವವರು ಜೀವಶಾಸ್ತ್ರ ಆಯ್ದವರು ಮಾತ್ರ. ವಾಣಿಜ್ಯ, ಕಲಾ ವಿಭಾಗಗಳಿಗೆ ಹೋಗುವ ಮಕ್ಕಳಿಗೆ ಹತ್ತನೆಯದೇ ಕೊನೆಯ ಅವಕಾಶ. 1800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಸಹಿ ಹಾಕಿ ಪ್ರತಿಭಟಿಸಿದರು. ಅವರೆಲ್ಲರಿಗೂ ಕೆಲಸವಿರಲಿಲ್ಲವೆಂದೇ?

ಮೆಗಲೊಡಾನ್ ಶಾರ್ಕ್ ಇನ್ನೂ ಬದುಕಿದೆ ಎಂಬ ಸಂದೇಶವನ್ನು ನನಗೆ ಮುಮ್ಮಡಿಯಾಗಿ ಕಳಿಸಿದವರೂ ಇದೇ ಬಂಧುವರ್ಗದವರು. ಸ್ವಾಮಿ, ಅದು ಅಳಿದು ಮೂವತ್ತು ಲಕ್ಷ ವರ್ಷಗಳಿಗೂ ಹೆಚ್ಚಾಯಿತು. ಇಂಥ ಸುಳ್ಳು ಬೆಳೆಯುವುದು ಕಿತ್ತುಹಾಕಿದ ಪಾಠದ ಜಾಗದಲ್ಲಿಯೇ.

ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರಿಗೆ ನನ್ನ ಮಾತಿಷ್ಟೆ: ಪರೀಕ್ಷೆಗೆ ಬಾರದಿದ್ದರೂ ಒಂದು ಪೀರಿಯಡ್ಡನ್ನು ಇದಕ್ಕೆ ಮೀಸಲಿಡಿ. ಪ್ರತಿ ವರ್ಷವೂ ಮೈಸೂರಿಗೇ ಪ್ರವಾಸ ಹೊರಡಬೇಕೆಂದಿಲ್ಲ. ಅರಿಯಲೂರಿನ ಬಳಿ ವಾರಣವಾಸಿಯಲ್ಲಿ ಪಳೆಯುಳಿಕೆಗಳ ಸಂಗ್ರಹಾಲಯವೊಂದಿದೆ.